ಬ್ಲಾಂಕೆಟ್ಟಿನ ತವರು

ನಮ್ಮ ಮನೆಯಲ್ಲೊಂದು ದಪ್ಪ ಇಂಗ್ಲಿಷ್ ನಿಘಂಟಿದೆ. ಯಾವ ಪದ ಹುಡುಕಲು ಹೋದರೂ ಅದು ಮೊದಲು ‘ಬಿ’ ಅಕ್ಷರದ ಒಂದು ಪುಟದಲ್ಲಿ ತಾನಾಗಿಯೇ ಬಾಯಿ ಬಿಡುತ್ತದೆ. ಅಭ್ಯಾಸಬಲ. ಮೊನ್ನೆ ನನ್ನ ಮಗಳು ಶಾಲೆಯ ಯಾವುದೋ ಪಾಠಕ್ಕೆಂದು ‘ವಾಲ್ಕೆನೋ’ ಹುಡುಕಲು ಕೂತಳು. ನಿಘಂಟು ಎಂದಿನಂತೆ ‘ಬಿ’ಯಲ್ಲಿ ತೆರೆದುಕೊಂಡಿತು. ಪುಟದ ನಡುವಿನಿಂದ ಗೇಣುದ್ದದ ಕರಿ ಎಳೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಅಮ್ಮಾ, ಇದರಲ್ಲಿ ಯಾರದ್ದೋ ಕೂದಲು” ಎಂದು ಮುಖ ಕಿವುಚಿದಳು. ಇನ್ನೇನು ಕಿಟಕಿಯಿಂದಾಚೆ ಹೋಗುವುದರಲ್ಲಿತ್ತು. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿಬಂದು ಕಿತ್ತುಕೊಂಡೆ.

ಯಾರದ್ದೂ ಅಲ್ಲ, ಕುರಿಯದು ಎಂದೆ. ಕುರಿ ನಿಘಂಟು ಓದುತ್ತಿತ್ತಾ ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಸ್ವಲ್ಪ ಉದ್ದದ್ದು. ನಾನು ಒಲೆ ಆರಿಸಿ ಬಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಆಟಕ್ಕೆ ಓಡಿದ್ದಳು. ಆದ್ದರಿಂದ ನೀವು ಸಿಕ್ಕಿದಿರಿ, ಕೂತುಕೊಳ್ಳಿ.

ತೊಂಬತ್ತರ ದಶಕದ ನಡುಭಾಗ. ನಾನಾಗ ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ನಮಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದವರು ತಿಪ್ಪೇಸ್ವಾಮಿ ಮೇಷ್ಟ್ರು. ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ತಿಪ್ಪೇಸ್ವಾಮಿ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ನಮ್ಮ ತರಗತಿಯಲ್ಲೇ ನಾಲ್ಕು ಜನರಿದ್ದರು. ಹಾಗಾಗಿ ಇವರಿಗೆ ‘ಪದದ ಮೇಷ್ಟ್ರು’ ಎಂಬ ಹೆಸರು ಬಿದ್ದಿತ್ತು. ಮನೆತನ ಎಣ್ಣೆ ಮಿಲ್ಲಿನದು. ಅಣ್ಣತಮ್ಮಂದಿರು ಶೇಂಗಾ ಹಿಂಡಿ ಎಣ್ಣೆ ತೆಗೆದರೆ ಇವರು ಪದ ಹಿಂಡಿ ಅದರೊಳಗಿನ ಹಳೆಯ ಪದ ತೆಗೆಯುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಸೀಮೆಸುಣ್ಣ. ಕೊನೆಕೊನೆಗೆ ವಿಭೂತಿ ಯಾವುದು ಸೀಮೆಸುಣ್ಣ ಯಾವುದು ಗೊತ್ತಾಗುತ್ತಿರಲಿಲ್ಲ.

ಪಠ್ಯಪುಸ್ತಕ ವರ್ಷಕ್ಕೆ ಅರ್ಧ ಮುಗಿದರೆ ಹೆಚ್ಚು. ಯಾವುದೋ ಪದ್ಯದ ಮೊದಲ ಸಾಲಿನಲ್ಲಿ ‘ಶುಗರ್’ ಎಂದು ಬಂದರೆ ಸಾಕು, ಆ ಗಂಟೆ ಮುಗಿದಂತೆ. ಅದು ನಮ್ಮ ಶರ್ಕರೆಯೇ ಎಂದೂ, ಇಲ್ಲಿಂದ ಹೊರಟು ಪಾರಸಿಯವರ ಮನೆ, ಅರಬ್ಬರ ಮನೆ, ಲ್ಯಾಟಿನ್ನಿನವರ ಮನೆ, ಫ್ರೆಂಚರ ಮನೆ ಎಲ್ಲ ಹೊಕ್ಕು ಹೊರಟು ಕೊನೆಗೆ ಇಂಗ್ಲಿಷಿಗೆ ಸೇರಿತೆಂದೂ ಬೋರ್ಡಿನ ತುಂಬ ಬಾಣದ ಗುರುತು ಹಾಕುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ‘ಪದದ ತವರು ಹುಡುಕೋದು’.

“ಹೊಸಬಳು ಎದುರಿಗೆ ಬಂದ್ರೆ ಯಾವೂರಮ್ಮ, ಯಾರ ಮಗಳಮ್ಮ ಅಂತ ಕೇಳಲ್ವಾ? ಪದಾನೂ ಹಂಗೇ,” ಎನ್ನುತ್ತಿದ್ದರು. “ಗಂಡನ ಮನೇಲಿ ಎಷ್ಟೇ ವರ್ಷ ಬಾಳಿರ್ಲಿ, ತವರಿನ ಗುರುತು ಎಲ್ಲೋ ಒಂದ್ಕಡೆ ಇದ್ದೇ ಇರ್ತೈತೆ.”

ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ನನಗೆ ಮಾತ್ರ ಈ ರೋಗ ಅಂಟಿತು, ಅದೂ ಜೋರಾಗಿ. ಮನೆಯಲ್ಲಿ ಅವ್ವ ಶಾಲು ಕೊಡೇ ಎಂದರೆ ಶಾಲು ಪಾರಸಿ ಪದ, ಇಂಗ್ಲಿಷರೂ ಅದನ್ನೇ ಹೊದೆಯೋದು ಎಂದು ಶುರು ಮಾಡುತ್ತಿದ್ದೆ. ರೇಷ್ಮೆ ಎಂದರೆ ಅದೂ ಅಲ್ಲಿಂದಲೇ ಬಂದದ್ದು ಎನ್ನುತ್ತಿದ್ದೆ. ಅವ್ವ ಒಂದೆರಡು ದಿನ ಸಹಿಸಿಕೊಂಡಳು. ಆಮೇಲೆ ನಾನು ಬಾಯಿ ತೆರೆದಾಗಲೆಲ್ಲ ಎಲ್ಲಿಂದಾದ್ರೂ ಬಂದಿರ್ಲಿ, ಮೊದ್ಲು ಅನ್ನ ಇಳಿಸು ಎಂದುಬಿಡುತ್ತಿದ್ದಳು.

ಆ ವರ್ಷ ಮೇಷ್ಟ್ರು ಒಬ್ಬೊಬ್ಬರಿಗೂ ಒಂದೊಂದು ಇಂಗ್ಲಿಷ್ ಪದದ ತವರು ಹುಡುಕಿ ತರುವ ಕೆಲಸ ಕೊಟ್ಟರು. ನಾನು ‘ಬ್ಲಾಂಕೆಟ್’ ಆರಿಸಿಕೊಂಡೆ. ಕಾರಣವಿತ್ತು. ನಮ್ಮವ್ವನ ತವರು ದೊಡ್ಡಉಳ್ಳಾರ್ತಿ. ಅಲ್ಲಿ ನಮ್ಮ ಅಜ್ಜ ಬೀರಪ್ಪ ಕಂಬಳಿ ನೇಯುತ್ತಿದ್ದ. ಮನೆಯ ಮುಂದಿನ ಅಂಕಣದಲ್ಲೇ ನೆಲದಲ್ಲೊಂದು ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅಜ್ಜಿ ರಾಟೆಯಲ್ಲಿ ಉಣ್ಣೆ ನೂಲುತ್ತಿದ್ದಳು. ರಜೆಯಲ್ಲಿ ನಾನೂ ನೂಲುತ್ತಿದ್ದೆ. ನಾನು ತೆಗೆದ ನೂಲು ಒಂದು ಕಡೆ ಸೆಣಬಿನ ಹಗ್ಗ, ಇನ್ನೊಂದು ಕಡೆ ತಲೆಕೂದಲು. ಅಜ್ಜಿ ಅದನ್ನು ವ್ಯರ್ಥ ಮಾಡದೆ ಕುರಿಮರಿ ಕಟ್ಟಲು ಇಟ್ಟುಕೊಂಡಿದ್ದಳು.

ಕಂಬಳಿ ಆರಿಸಿಕೊಳ್ಳಲು ಇನ್ನೊಂದು ಕಾರಣ ಅಕ್ಕನ ಮದುವೆ. ಮಂಜುಳಕ್ಕನಿಗೆ ಮೊಳಕಾಲ್ಮುರಿನ ಗಂಡು ಗೊತ್ತಾಗಿತ್ತು. ನಮ್ಮ ಮನೆತನದಲ್ಲಿ ಹೆಣ್ಣು ಗಂಡು ಹಸೆಗೆ ಕೂರುವುದು ಕರಿ ಕಂಬಳಿಯ ಮೇಲೆ. ಅದು ಹೆಣ್ಣಿನ ತಾಯಿಯ ತವರಿನಿಂದಲೇ ಬರಬೇಕು. ಕುರಿಮರಿಯಿಂದ ಮೊದಲ ಸಲ ಕತ್ತರಿಸಿದ ಉಣ್ಣೆಯೇ ಆಗಬೇಕು, ಅದಕ್ಕೆ ಬಣ್ಣ ಸೋಕಿಸಬಾರದು. ಎಲ್ಲಕ್ಕಿಂತ ಮುಖ್ಯ, ಒಂದೇ ಕೈ ನೇಯಬೇಕು. ಶುರು ಮಾಡಿದವರೇ ಮುಗಿಸಬೇಕು, ನಡುವೆ ಏನೂ ಬದಲಾಗಬಾರದು. ಅಜ್ಜ ಹಾಗೆ ನಮ್ಮವ್ವನ ಅಕ್ಕತಂಗಿಯರ ಹೆಣ್ಣುಮಕ್ಕಳಿಗೆಲ್ಲ ನೇಯ್ದು ಕೊಟ್ಟಿದ್ದ. ಉಳಿದವಳು ಮಂಜುಳಕ್ಕ, ಅವಳಾದ ಮೇಲೆ ನಾನು.

ಆದರೆ ಅಷ್ಟರಲ್ಲಿ ಅಜ್ಜನಿಗೆ ಕಣ್ಣು ಮಂಜಾಗಿತ್ತು. ಒಂದು ಕಣ್ಣಿನ ಪೊರೆ ತೆಗೆಸಿ ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿದ್ದರು. ಇನ್ನೊಂದು ಕಣ್ಣು ಲೆಕ್ಕಕ್ಕಿರಲಿಲ್ಲ. ಕೈಕಾಲಿಗೆ ಮಗ್ಗ ಗೊತ್ತಿತ್ತು, ಲಾಳಿ ತನ್ನಷ್ಟಕ್ಕೆ ಓಡುತ್ತಿತ್ತು, ಅದಕ್ಕೆಲ್ಲ ಕಣ್ಣು ಬೇಕಿರಲಿಲ್ಲ. ತೊಂದರೆ ಬರುತ್ತಿದ್ದದ್ದು ಹಾಸಿನ ಎಳೆ ಕಡಿದಾಗ. ಕತ್ತಲ ಅಂಕಣ, ಮಣ್ಣಿನ ನೆಲ, ಅದರ ಮೇಲೆ ಉದ್ದಕ್ಕೆ ಬಿಗಿದ ನೂರಾರು ಕರಿ ಎಳೆ. ಅದರಲ್ಲಿ ಒಂದು ಕಡಿದರೆ ನನಗೇ ಕಾಣುತ್ತಿರಲಿಲ್ಲ, ಅಜ್ಜನಿಗೆ ಎಲ್ಲಿ ಕಾಣಬೇಕು? ಕಾಣದೆ ನೇಯ್ದುಕೊಂಡು ಹೋದರೆ ಕಂಬಳಿಯಲ್ಲಿ ಉದ್ದಕ್ಕೆ ಸಂದು ಬೀಳುತ್ತದೆ. ಅಜ್ಜ ಮೊಳ ನೇಯುವುದು, ಅಜ್ಜಿ ಅಂಗೈ ಸವರಿ ಇಲ್ಲೊಂದು ಬಿಟ್ಟೈತೆ ನೋಡು ಎನ್ನುವುದು, ಅಜ್ಜ ಬಿಚ್ಚುವುದು. ಹೀಗೆ ಮೂರು ಸಲ ಆಯಿತು. ಮದುವೆಗೆ ಒಂದೂವರೆ ತಿಂಗಳಷ್ಟೇ ಉಳಿದಿತ್ತು.

ಅಜ್ಜನ ಮಗ, ನಮ್ಮ ಮಾವ, ಒಳ್ಳೆಯ ಮಾತಿನಲ್ಲೇ ಹೇಳಿದ: ಸಂತೆಯಲ್ಲಿ ಒಂದು ತಂದರಾಯಿತು, ಯಾರು ಕೇಳುತ್ತಾರೆ? ಅಜ್ಜ ಅವತ್ತು ಊಟಕ್ಕೆ ಏಳಲಿಲ್ಲ. ನಾನು ಹೋಗಿ ಕರೆದಾಗ ಕುಣಿಯಲ್ಲೇ ಕೂತಿದ್ದ.

“ನನ್ನ ಕೈದು ಇಲ್ದೆ ಮಂಜಿ ಹಸೆಗೆ ಕುಂತ್ಲು ಅಂದ್ರೆ ನಾನು ಆ ಮದುವೆಗೆ ಬರಲ್ಲ ಕಣೇ ರತ್ನಿ,” ಎಂದ. “ಬಂದು ಏನ್ ನೋಡ್ಲಿ?”

ಸಿಟ್ಟಿನಲ್ಲಿ ಹೇಳಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೆಲ್ಲಗೆ ಹೇಳಿದ. ಅದಕ್ಕೇ ನನಗೆ ಭಯವಾಯಿತು.

ಅಜ್ಜನ ಮನಸ್ಸು ಬೇರೆ ಕಡೆ ತಿರುಗಿಸೋಣವೆಂದು ನಾನು ನನ್ನ ಪದದ ಕತೆ ತೆಗೆದೆ. ಯಾವುದೋ ಹಳೆಯ ಪತ್ರಿಕೆಯ ಮೂಲೆಯಲ್ಲಿ ಓದಿದ್ದೆ: ಇಂಗ್ಲೆಂಡಿನಲ್ಲಿ ಒಬ್ಬ ನೇಕಾರನಿದ್ದನಂತೆ, ದಪ್ಪ ಉಣ್ಣೆಬಟ್ಟೆ ನೇಯ್ದನಂತೆ, ಅವನ ಹೆಸರೇ ಆ ಬಟ್ಟೆಗೆ ನಿಂತಿತಂತೆ. ಅಜ್ಜನಿಗೆ ಇದು ಎಷ್ಟು ಹಿಡಿಸಿತೆಂದರೆ ತಲೆಯೆತ್ತಿ ಇನ್ನೊಂದು ಸಲ ಹೇಳು ಎಂದ.

“ನೇಯ್ದೋನ ಹೆಸರೇ ಇಟ್ರಾ? ಗುಣವಂತ ಜನ ಬಿಡು,” ಎಂದ.

ಆಮೇಲೆ ಹದಿನೈದು ದಿನ ಮನೆಯ ಮುಂದೆ ಕುರಿ ಹೊಡೆದುಕೊಂಡು ಹೋದವರಿಗೆಲ್ಲ ಇದೇ ಕತೆ. ಹಂಗಾದರೆ ನಮ್ಮೂರ ಕಂಬಳಿಗೆ ಬೀರಪ್ಪ ಅನ್ನಬೇಕಾಗಿತ್ತು ಎಂದು ನಾನು ಸೇರಿಸಿದೆ. ಬೀರಪ್ಪನ್ನ ಹೊದ್ದುಕೊಂಡರೆ ಬೆಳತನಕ ಗೊರಕೆ ಕೇಳಬೇಕಾಗುತ್ತದೆ, ಬೇಡ ಎಂದಳು ಅಜ್ಜಿ. ಆ ವಾರದಲ್ಲಿ ಅಜ್ಜ ನಕ್ಕದ್ದು ಅದೊಂದೇ ಸಲ.

ಇದೇ ಕತೆಯನ್ನು ಕಾಲೇಜಿನಲ್ಲಿ ಜಂಬದಿಂದ ಒಪ್ಪಿಸಿದರೆ ಮೇಷ್ಟ್ರು ಎರಡು ನಿಮಿಷದಲ್ಲಿ ಗಾಳಿ ಬಿಡಿಸಿದರು. ಅದು ಕಟ್ಟುಕತೆ, ಪದ ಇದ್ದ ಮೇಲೆ ನೇಕಾರ ಬಂದದ್ದು ಎಂದರು. ತಮ್ಮ ದಪ್ಪ ನಿಘಂಟು ತೆರೆದು ತೋರಿಸಿದರು. ಅದರ ಪ್ರಕಾರ ಬ್ಲಾಂಕೆಟ್ ಬಂದದ್ದು ಹಳೆಯ ಫ್ರೆಂಚಿನಿಂದ. ಬಣ್ಣ ಹಾಕದ ಬಿಳಿ ಉಣ್ಣೆಯ ಬಟ್ಟೆಗೆ ಅಲ್ಲಿ ಬಿಳಿಯದು, ಪುಟ್ಟ ಬಿಳಿಯದು ಎನ್ನುವಂಥ ಹೆಸರು. ನನಗೆ ದಿಗ್ಭ್ರಮೆ. ಹುಟ್ಟಿದಾಗಿನಿಂದ ಕರಿ ಕಂಬಳಿಯಲ್ಲಿ ಸುತ್ತಿಸಿಕೊಂಡು ಬೆಳೆದವಳಿಗೆ ಕಂಬಳಿ ಎಂದರೆ ಬಿಳಿಯದು ಎಂದು ಹೇಳಿದರೆ ಹೇಗಾಗಬೇಡ? ನಮ್ಮ ಕಂಬಳಿಯ ತವರಾದರೂ ಯಾವುದು ಎಂದು ಕೇಳಿದೆ. ಸಂಸ್ಕೃತದಲ್ಲಿ ಕಂಬಲ ಇದೆ, ಅದರ ಆಚೆ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದರು. ಕುರಿಯನ್ನೇ ಕೇಳಬೇಕು ಎಂದು ಹಿಂದಿನ ಬೆಂಚಿನಿಂದ ಒಬ್ಬ ತಿಪ್ಪೇಸ್ವಾಮಿ ಅಂದ.

ಮೇಷ್ಟ್ರು ಅಷ್ಟಕ್ಕೇ ಬಿಡುವವರಲ್ಲ. ಯಾರು ಯಾರಿಗೋ ಕಾಗದ ಬರೆದರು. ಎರಡು ವಾರದ ಮೇಲೆ ಒಂದು ದಿನ ಕಾಲೇಜಿನ ಗೇಟಿನ ಹೊರಗೆ ಚಹಾ ಅಂಗಡಿಯಿಂದ ನನ್ನನ್ನು ಕೈಬೀಸಿ ಕರೆದರು. ಮುಂದಿದ್ದ ಚಹಾ ಆರಿ ಕೆನೆಗಟ್ಟಿತ್ತು. ಫ್ರೆಂಚಿಗಿಂತ ಹಿಂದೆ ಹೋದರೆ ಜರ್ಮನ್ ಕಡೆಯವರ ಒಂದು ಹಳೆಯ ಪದವಂತೆ. ಹೊಳೆಯುವುದು, ಬೆಳ್ಳಗಿರುವುದು ಎಂದು ಅರ್ಥ. ಅದಕ್ಕೂ ಹಿಂದೆ ಹೋದರೆ ಉರಿಯುವುದು ಎಂಬ ಅರ್ಥದ ಒಂದು ಬೇರು, ಹಾಗೆಂದು ವಿದ್ವಾಂಸರ ಊಹೆ. ಅದೇ ಬೇರಿನ ಇನ್ನೊಂದು ಕವಲಿನಲ್ಲಿ ಹುಟ್ಟಿದ ಪದ ಯಾವುದು ಹೇಳು ನೋಡೋಣ ಎಂದರು.

“ಬ್ಲ್ಯಾಕ್,” ಎಂದರು ಮೇಷ್ಟ್ರು. “ಉರೀತಿರೋದು ಬೆಳ್ಳಗೆ, ಉರಿದು ಮುಗಿದಿದ್ದು ಕರ್ರಗೆ. ಎರಡಕ್ಕೂ ಒಂದೇ ತವರು ಕಣಮ್ಮ.”

ತೇಜಸ್ಸು ಎಂಬ ಅರ್ಥದ ನಮ್ಮ ‘ಭರ್ಗ’ವೂ ಅದೇ ಕುಲದ್ದಿರಬಹುದು ಎಂದು ಬಂದ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಪ್ರಾಮಾಣಿಕರು.

ಭಾನುವಾರ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ನೇಕಾರನ ಕತೆ ಸುಳ್ಳೆಂದು ಮಾತ್ರ ಹೇಳಲಿಲ್ಲ, ಅಷ್ಟು ಧೈರ್ಯ ನನಗಿರಲಿಲ್ಲ. ಬೇರು, ಕವಲು, ಉರಿ ಎಲ್ಲವನ್ನೂ ಅಜ್ಜ ತಲೆ ತಗ್ಗಿಸಿ ಕೇಳಿದ. ಕೊನೆಗೆ ಒಂದೇ ಮಾತು ಅಂದ: ಬಿಳೀದಾದರೆ ಆ ಊರಿನ ಮುದುಕರಿಗೆ ಎಳೆ ಕಾಣುತ್ತದೆ ಬಿಡು. ಈ ಸಮಯ ಬಿಟ್ಟರೆ ಮತ್ತೆ ಸಿಗದೆಂದು ನಾನು, ಹಂಗಾದರೆ ಅಕ್ಕನಿಗೂ ಬಿಳೀದೇ ನೇಯಿ ಅಜ್ಜಾ, ಇಂಗ್ಲಿಷರಿಗೆ ಆಗೋದು ನಮಗೆ ಆಗಲ್ವಾ ಎಂದೆ. ಹಸೆಗೆ ಬಿಳೀದಾ ಎಂದು ಅಜ್ಜಿ ಕೈಯಲ್ಲಿದ್ದ ರಾಟೆಯ ಕದಿರನ್ನೇ ಎತ್ತಿದಳು. ಬಿ.ಎ. ಓದುವವಳ ಸಲಹೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಭಾನುವಾರ ಮೇಷ್ಟ್ರೇ ನನ್ನ ಜೊತೆ ದೊಡ್ಡಉಳ್ಳಾರ್ತಿಗೆ ಬಂದರು. ಮಗ್ಗದ ಭಾಗಗಳ ಹೆಸರೆಲ್ಲ ಬರೆದುಕೊಳ್ಳಬೇಕು, ಹಾಗೆಯೇ ಅಜ್ಜನಿಗೆ ಬ್ಲಾಂಕೆಟ್ಟಿನ ಮೂಲ ಅರ್ಥವನ್ನು ಕಣ್ಣಾರೆ ತೋರಿಸಬೇಕು ಎಂಬ ಹುಮ್ಮಸ್ಸು. ಅದಕ್ಕೆಂದು ಮನೆಯಿಂದ ಒಂದು ಅಚ್ಚ ಬಿಳಿ ಉಣ್ಣೆಯ ಬ್ಲಾಂಕೆಟ್ ಮಡಿಚಿ, ನಿಘಂಟಿನ ಜೊತೆ ಮೊಪೆಡ್ಡಿಗೆ ಕಟ್ಟಿಕೊಂಡು ಬಂದಿದ್ದರು. ಆ ಬ್ಲಾಂಕೆಟ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದು ಅವರ ಹೆಂಡತಿ ಗಿರಿಜಮ್ಮನವರದು. ಮಿಲಿಟರಿಯಲ್ಲಿದ್ದ ಅವರ ಅಣ್ಣ ಹಿಮಾಲಯದ ಕಡೆಯಿಂದ ತಂದುಕೊಟ್ಟದ್ದು. ಅಣ್ಣ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಪ್ಪ ಅವ್ವ ಮೊದಲೇ ಇರಲಿಲ್ಲ. ತವರೆಂದು ಅವರಿಗೆ ಉಳಿದದ್ದು ಅದೊಂದೇ. ನುಸಿಗುಳಿಗೆ ಹಾಕಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು, ಚಳಿಗಾಲದಲ್ಲೂ ತೆಗೆಯುತ್ತಿರಲಿಲ್ಲ. ಮೇಷ್ಟ್ರು ಅದನ್ನು ಕಾಲೇಜಿನ ಎಕ್ಸಿಬಿಷನ್ನಿಗೆ ಎಂದು ಸುಳ್ಳು ಹೇಳಿ ತಂದಿದ್ದರು. ಸಂಜೆಗೆ ವಾಪಸ್ಸು ಎಂದಿದ್ದರಂತೆ.

ನಾವು ಹೊಕ್ಕಾಗ ಅಜ್ಜಿ ಬಾಗಿಲಲ್ಲಿದ್ದಳು. ಮೇಷ್ಟ್ರ ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಮಡಿಚಿದ ಬಿಳಿ ಉಣ್ಣೆಯ ಹಾಸು. ನೋಡಿದ ತಕ್ಷಣ ಅವಳಿಗೆ ಅರ್ಥವಾಗಿಹೋಯಿತು, ಅಂದರೆ ತಪ್ಪರ್ಥವಾಗಿಹೋಯಿತು. ಹಿಂದೆಲ್ಲ ಆಚಾರವಂತ ಅಯ್ಯನವರು ಯಾರ ಮನೆಗೆ ಹೋದರೂ ಕೂರಲು ತಮ್ಮ ಆಸನವನ್ನು ತಾವೇ ತರುತ್ತಿದ್ದರು. ಮೇಷ್ಟ್ರೂ ಹಾಗೆಯೇ ಎಂದುಕೊಂಡಳು. ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಮನೆಯಲ್ಲಿ ತಂಪಾದ ಜಾಗವೆಂದರೆ ಮಗ್ಗದ ಪಕ್ಕವೇ ಎಂದು ಅಲ್ಲಿ ಮಣ್ಣಿನ ನೆಲದ ಮೇಲೆ ಹಾಸಿಬಿಟ್ಟಳು. ಮೇಷ್ಟ್ರು ಬಾಯಿ ತೆರೆದರು, ನನ್ನ ಮುಖ ನೋಡಿದರು, ಮುಚ್ಚಿದರು. ಅಷ್ಟು ಭಕ್ತಿಯಿಂದ ಹಾಸಿದ್ದನ್ನು ಅಲ್ಲವೆನ್ನುವುದು ಹೇಗೆ? ಹೆಂಡತಿಯ ಬ್ಲಾಂಕೆಟ್ಟಿನ ಮೇಲೆ ಮುಳ್ಳಿನ ಮೇಲೆ ಕೂತಂತೆ ಕೂತರು.

ಅಜ್ಜ ನಾಲ್ಕನೆಯ ಸಲ ಶುರು ಮಾಡಿದ್ದ. ಮೇಷ್ಟ್ರು ಇದಕ್ಕೇನಂತೀರಿ, ಅದಕ್ಕೇನಂತೀರಿ ಎಂದು ಕೇಳುತ್ತ ಬರೆದುಕೊಳ್ಳುತ್ತಿದ್ದರು. ಅಜ್ಜ ಉತ್ತರ ಹೇಳುತ್ತ ಲಾಳಿ ಎಸೆಯುತ್ತಿದ್ದ. ನೇಯುತ್ತ ನೇಯುತ್ತ ಒಂದು ಸಲ ಕೈ ನಿಂತಿತು. ಕತ್ತು ಚಾಚಿ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರನ್ನಲ್ಲ, ಅವರು ಕೂತ ಬ್ಲಾಂಕೆಟ್ಟಿನ ಅಂಚನ್ನು. ಅದರ ಒಂದು ಮೂಲೆ ಮಗ್ಗದ ಅಡಿಗೆ ಸರಿದು, ಬಿಗಿದ ಕರಿ ಎಳೆಗಳ ಕೆಳಗೆ ಬಂದಿತ್ತು.

“ಮೇಷ್ಟ್ರೇ, ಒಂಚೂರು ಎದ್ದೇಳ್ತೀರಾ,” ಎಂದ ಅಜ್ಜ.

ಅವರು ಗಾಬರಿಯಾಗಿ ಎದ್ದರು. ಅಜ್ಜ ಕುಣಿಯಿಂದ ಮೇಲೆ ಬಂದು, ಮೊಣಕಾಲೂರಿ, ಬ್ಲಾಂಕೆಟ್ಟನ್ನು ಎಳೆದೆಳೆದು ಇಡೀ ಹಾಸಿನ ಅಡಿಗೆ ಸರಿಯಾಗಿ ಹರವಿದ. ವಾಪಸ್ಸು ಇಳಿದು ಕೂತ. ಕನ್ನಡಕ ಒರೆಸಿ ಹಾಕಿಕೊಂಡ. ನಾನೂ ಬಗ್ಗಿ ನೋಡಿದೆ. ಬಿಳುಪಿನ ಮೇಲೆ ಒಂದೊಂದು ಎಳೆಯೂ ಕಾಗದದ ಮೇಲೆ ಗೀಟೆಳೆದ ಹಾಗೆ ಕಾಣುತ್ತಿತ್ತು. ಎರಡು ಕಡೆ ಗೀಟು ತಪ್ಪಿತ್ತು. ಅಜ್ಜನ ಬೆರಳು ಸೀದಾ ಅಲ್ಲಿಗೇ ಹೋಯಿತು.

“ಕಾಣ್ತೈತೆ,” ಎಂದ. “ಒಂದೊಂದೂ ಕಾಣ್ತೈತೆ ಕಣೇ ರತ್ನಿ.”

ನನಗೆ ಅಳು ಬಂತು. ಅಜ್ಜಿ ರಾಟೆ ನಿಲ್ಲಿಸಿ ಸೆರಗು ಬಾಯಿಗೆ ಹಿಡಿದಳು. ಮೇಷ್ಟ್ರು ಕೈಯಲ್ಲಿದ್ದ ಪೆನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕಿವಿಗೆ ಸಿಕ್ಕಿಸಿಕೊಂಡರು.

ನೀವು ಕೇಳಬಹುದು, ಒಂದು ಬಿಳಿ ಪಂಚೆ ಹಾಸಿದ್ದರೂ ಆಗುತ್ತಿತ್ತಲ್ಲ ಎಂದು. ಆಗುತ್ತಿತ್ತು. ಫ್ರಾನ್ಸು, ಜರ್ಮನಿ ಎಲ್ಲ ಸುತ್ತಿ ಬಂದ ನನಗಾಗಲಿ ಮೇಷ್ಟ್ರಿಗಾಗಲಿ ಮಾವನಿಗಾಗಲಿ ಅದು ಹೊಳೆದಿರಲಿಲ್ಲ, ಅಷ್ಟೇ. ಮೇಷ್ಟ್ರಿಗೆ ಮಾತ್ರ ಆಮೇಲೆ ಹೊಳೆಯಿತು. ಹೊತ್ತಿಳಿಯುವಾಗ ಮೆಲ್ಲಗೆ, ಅಜ್ಜಾ, ನಾಳೆಯಿಂದ ಪಂಚೆ ಹಾಸಿಕೊಳ್ಳಬಹುದಲ್ಲ ಎಂದರು. ಅಜ್ಜ ಬೇಡವೆಂದು ತಲೆಯಾಡಿಸಿದ. ಅಷ್ಟರಲ್ಲಿ ಹಿಂದಿನದನ್ನೆಲ್ಲ ಬಿಚ್ಚಿ, ಬ್ಲಾಂಕೆಟ್ಟಿನ ಮೇಲೆ ಹೊಸದಾಗಿ ನಾಲ್ಕು ಬೆರಳು ನೇಯ್ದಾಗಿತ್ತು. ಹಸೆಯ ಕಂಬಳಿ, ಶುರುವಾದ ಮೇಲೆ ನಡುವೆ ಏನನ್ನೂ ಬದಲಾಯಿಸುವಂತಿಲ್ಲ. ಕೈಯನ್ನೂ, ಅಡಿಯ ಹಾಸನ್ನೂ.

“ಮದುವೆ ಮಟ ಇದು ಇಲ್ಲೇ ಇರ್ಲಿ ಬುದ್ಧಿ,” ಎಂದ.

ಮೇಷ್ಟ್ರು ಅಜ್ಜನ ಮುಖ ನೋಡಿದರು. ಮನೆಯಲ್ಲಿ ಕಾಯುತ್ತಿದ್ದ ಮುಖವೂ ಅವರ ಕಣ್ಣ ಮುಂದೆ ಬಂದಿರಬೇಕು. ಆದರೂ ಇರ್ಲಿ ಅಜ್ಜಾ ಎಂದರು. ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಜೊತೆಗೆ ಅವರ ಸುಳ್ಳಿನಲ್ಲಿ ಅರ್ಧ ನನ್ನ ತಲೆಗೂ ಬಂತು.

ಚಳ್ಳಕೆರೆಯಲ್ಲಿ ಗಿರಿಜಮ್ಮ ಸಿಕ್ಕಿದಾಗಲೆಲ್ಲ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ಒಂದು ದಿನ ತರಕಾರಿ ಗಾಡಿಯ ಹತ್ತಿರ ಸಿಕ್ಕಿಬಿದ್ದೆ. ರತ್ನಾ, ನಿಮ್ಮ ಕಾಲೇಜಿನ ಎಕ್ಸಿಬಿಷನ್ ಇನ್ನೂ ಮುಗೀಲಿಲ್ವಾ ಎಂದು ಕೇಳಿದರು. ತುಂಬ ಜನ ಬರುತ್ತಿದ್ದಾರೆ, ಅದಕ್ಕೇ ಮುಂದುವರಿಸಿದ್ದಾರೆ ಎಂದೆ. ಹೌದಾ ಎಂದು ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ನಿಂತರು. ನಾನು ಬೇಡದಿದ್ದರೂ ಒಂದು ಕಟ್ಟು ಮೆಂತ್ಯ ಸೊಪ್ಪು ತೆಗೆದುಕೊಂಡು ಓಡಿದೆ.

ಮದುವೆಗೆ ನಾಲ್ಕು ದಿನ ಇರುವಾಗ ಕಂಬಳಿ ಮಗ್ಗದಿಂದ ಇಳಿಯಿತು. ಅಜ್ಜಿ ಮೂರು ಸಲ ಅಂಗೈ ಸವರಿದಳು, ಎಲ್ಲೂ ಸಂದು ಸಿಗಲಿಲ್ಲ. ಮೇಷ್ಟ್ರೂ ಬಂದಿದ್ದರು. ನಿಘಂಟು ಅವರ ಕೈಯಲ್ಲೇ ಇತ್ತು. ಇದರಲ್ಲಿ ನಮ್ಮದು ಎಲ್ಲಿದೆ ತೋರಿಸಿ ಎಂದು ಅಜ್ಜ ಕೇಳಿದ. ಅವರು ‘ಬಿ’ಯ ಪುಟ ತೆರೆದು ಬೆರಳಿಟ್ಟರು. ಅಜ್ಜ ಮಗ್ಗದಲ್ಲಿ ಉಳಿದ ಎಳೆಯೊಂದನ್ನು ಕಡಿದು ಆ ಸಾಲಿನ ಮೇಲೆ ಉದ್ದಕ್ಕೆ ಮಲಗಿಸಿದ. ಬಿಳೀದು ಅಂತ ಬರೆದಿದ್ದಾರಲ್ಲ, ಕರೀದೂ ಒಂದು ಇರಲಿ ಎಂದ. ಆಮೇಲೆ ಲಾಳಿಯನ್ನು ಒರೆಸಿ ಗೂಡಿನಲ್ಲಿಟ್ಟ. ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ನನ್ನ ಮದುವೆಯ ಕಂಬಳಿ ಆಮೇಲೆ ಮಗ್ಗ ಕಲಿತ ಮಾವ ನೇಯ್ದದ್ದು. ನನ್ನ ಬಿ.ಎ. ಮುಗಿದ ವರ್ಷ ಮೇಷ್ಟ್ರು ನಿಘಂಟನ್ನು ಎಳೆಯ ಸಮೇತ ನನಗೆ ಕೊಟ್ಟುಬಿಟ್ಟರು.

ಬ್ಲಾಂಕೆಟ್ಟಿನ ಗತಿ ಮಾತ್ರ ಹೇಳುವ ಹಾಗಿರಲಿಲ್ಲ. ಉಣ್ಣೆಯ ಕರಿ ಧೂಳು, ಎಳೆಗೆ ಬಳಿದ ಹುಣಸೆಬೀಜದ ಗಂಜಿ, ಅಜ್ಜನ ಮೊಣಕಾಲಿನ ಮಣ್ಣು. ಅಜ್ಜಿ ಎರಡು ಸಲ ಒಗೆದಳು. ಬೂದಿಬಣ್ಣಕ್ಕೆ ಬಂದು ನಿಂತಿತು. ಮದುವೆ ಮುಗಿಯಲಿ, ಆಮೇಲೆ ನಾನೇ ಹೇಳುತ್ತೇನೆ ಎಂದು ಮೇಷ್ಟ್ರು ಅದನ್ನು ನಮ್ಮ ಮನೆಯಲ್ಲೇ ಬಿಟ್ಟರು.

ಮದುವೆ ಚಳ್ಳಕೆರೆಯಲ್ಲಿ, ನಮ್ಮ ಮನೆಯ ಮುಂದೆ ಶಾಮಿಯಾನ ಹಾಕಿಸಿ. ಮೇಷ್ಟ್ರು ಗಿರಿಜಮ್ಮನವರ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಜ್ಜ ಹೊಸ ಪೇಟ ಸುತ್ತಿಕೊಂಡು ಹಸೆಯ ಪಕ್ಕದಲ್ಲೇ ನಿಂತಿದ್ದ. ನಮ್ಮಲ್ಲಿ ಕಂಬಳಿ ಹಾಸುವ ಮೊದಲು ಗಂಡಿನ ತಾಯಿ ಅದನ್ನು ಮಗುಚಿ ಎರಡೂ ಮಗ್ಗುಲು ನೋಡಬೇಕು. ಬೀಗಿತ್ತಿ ಓಬಳಮ್ಮ ಮೊಳಕಾಲ್ಮುರಿನವರು, ಹುಟ್ಟಿದಾಗಿನಿಂದ ರೇಷ್ಮೆ ಸೀರೆಯ ಅಂಚು ನೋಡಿ ಪಳಗಿದ ಕಣ್ಣು. ಮೇಲ್ಮಗ್ಗುಲು ನೋಡಿ ಮೆಚ್ಚಿದರು. ಮಗುಚಿದರು. ಕೈ ನಿಂತಿತು.

“ಇದೇಂದಿ ವದಿನಾ,” ಎಂದರು ನಮ್ಮವ್ವನಿಗೆ. “ಕರಿ ಕಂಬಳೀಲಿ ತೆಲ್ಲ ಎಳೆ ಐತಲ್ಲ.”

ಅವರದು ತೆಲುಗು ಬೆರೆತ ಮಾತು: ವದಿನ ಎಂದರೆ ಅತ್ತಿಗೆ, ತೆಲ್ಲ ಎಂದರೆ ಬಿಳಿ. ಎಲ್ಲರೂ ಬಗ್ಗಿದೆವು. ಹೌದು, ನಡುವಿನಲ್ಲಿ ಒಂದು ಗೇಣು ಬಿಳಿ ಎಳೆ, ಹೊಕ್ಕಿನ, ಅಂದರೆ ಅಡ್ಡ ನೂಲಿನ, ಜೊತೆ ಸೇರಿ ಗಟ್ಟಿಯಾಗಿ ಕೂತಿತ್ತು. ಬ್ಲಾಂಕೆಟ್ಟಿನ ಅಂಚಿನಿಂದ ಬಿಚ್ಚಿಕೊಂಡು ಮೇಲಕ್ಕೆ ಬಂದದ್ದು. ನೇಯುವಾಗ ಅಡಿಯ ಮಗ್ಗುಲು ಯಾರಿಗೂ ಕಂಡಿರಲಿಲ್ಲ, ಇಳಿಸಿದ ಮೇಲೆ ಯಾರೂ ಮಗುಚಿ ನೋಡಿರಲಿಲ್ಲ. ಓಬಳಮ್ಮ ಕೆಟ್ಟ ಹೆಂಗಸಲ್ಲ, ಅವರಿಗೆ ಜಗಳ ಬೇಕಿರಲಿಲ್ಲ. ಆದರೆ ಬೇರೆ ನೂಲು ಸೇರಿದೆ ಎಂದರೆ ಬೇರೆ ಕೈ ಸೇರಿದೆ ಎಂದೇ ಲೆಕ್ಕ. ತವರಿನದು ಅಲ್ಲದ ಕಂಬಳಿಯ ಮೇಲೆ ಮಗನನ್ನು ಹೇಗೆ ಕೂರಿಸಲಿ ಎಂದು ಅವರ ಮುಖವೇ ಹೇಳುತ್ತಿತ್ತು. ಮಾವ ಕತ್ತರಿ ತರಲೇ ಎಂದ. ಹಸೆಯ ಕಂಬಳಿಗೆ ಕತ್ತರಿ ತಾಗಿಸಬಾರದು ಎಂದರು ಯಾರೋ. ಅಜ್ಜ ಮುಂದೆ ಬಂದು ಅದರ ಮೇಲೆ ಬೆರಳಾಡಿಸಿದ. ಬೆರಳಿಗೆ ಸಿಕ್ಕಿತು. ತಲೆಯೆತ್ತಲಿಲ್ಲ.

“ನಂದೇ ಕೈ ತಾಯಿ,” ಎಂದ. “ನಂದೊಂದೇ ಕೈ.”

ಶಾಮಿಯಾನದ ಕೆಳಗೆ ಗುಸುಗುಸು ಶುರುವಾಯಿತು. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅಜ್ಜನ ಪೇಟದ ತುದಿ ಅಲುಗುತ್ತಿದ್ದದ್ದು ನನಗೆ ಕಂಡಿತು. ಎಲ್ಲ ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ, ಗಂಟಲಿನಿಂದ ಏನೂ ಹೊರಡಲಿಲ್ಲ. ತವರು, ಬೇರು, ಕವಲು ಎಂದು ವರ್ಷವೆಲ್ಲ ಒದರಿದ ಬಾಯಿ ಅದು.

ಆಗ ಗಿರಿಜಮ್ಮ ಎದ್ದು ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿದರು. ಆ ಎಳೆಯನ್ನು ಉಗುರಿನಿಂದ ಮೆಲ್ಲಗೆ ಸವರಿದರು. ಆಮೇಲೆ ತಿರುಗಿ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಶಾಮಿಯಾನದ ತೂತು ನೋಡುತ್ತಿದ್ದರು. ನನ್ನನ್ನು ನೋಡಿದರು. ನಾನು ನನ್ನ ಕಾಲ್ಬೆರಳು ನೋಡಿಕೊಂಡೆ. ಕೊನೆಗೆ ಅಜ್ಜನನ್ನು ನೋಡಿದರು. ಅಜ್ಜ ಅವರನ್ನು ನೋಡುತ್ತಿದ್ದ, ಅವರು ಯಾರೆಂದು ಗೊತ್ತಿಲ್ಲದೆ.

“ಇದು ಬೇರೆ ಯಾರದ್ದೂ ಅಲ್ಲಮ್ಮ,” ಎಂದರು ಗಿರಿಜಮ್ಮ, ಓಬಳಮ್ಮನಿಗೆ. “ನನ್ನ ತವರಿಂದು. ನಮ್ಮಣ್ಣ ತಂದ ಉಣ್ಣೆ. ತವರಿನ ಕಂಬಳಿ ಅಲ್ವಾ, ನನ್ನ ತವರಿಂದೂ ಒಂದೆಳೆ ಇರ್ಲಿ ಅಂತ ನಾನೇ ಕೊಟ್ಟಿದ್ದು. ನೇಯ್ದಿದ್ದೆಲ್ಲ ಅಜ್ಜನ ಕೈನೇ.”

ಓಬಳಮ್ಮ ಒಂದು ಕ್ಷಣ ಅವರ ಮುಖವನ್ನೇ ನೋಡಿದರು. ಹೆಂಗಸರಿಗೆ ತವರಿನ ಮಾತು ಬೇಗ ಅರ್ಥವಾಗುತ್ತದೆ. ಎರಡು ತವರಿನದು ಬಂದರೆ ನಾನು ಬೇಡ ಅಂತೀನಾ ಎನ್ನುತ್ತ ತಾವೇ ಕಂಬಳಿಯನ್ನು ಕೊಡವಿ ಹಾಸಿದರು. ಗಂಡು ಕೂತ, ಅಕ್ಕ ಕೂತಳು. ಅಜ್ಜ ಪೇಟ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಅಕ್ಷತೆ ಬೀಳುತ್ತಿತ್ತು, ಓಲಗ ಕಿವಿಗಡಚಿಕ್ಕುತ್ತಿತ್ತು. ಗಿರಿಜಮ್ಮ ಬಂದು ನನ್ನ ಪಕ್ಕದಲ್ಲಿ ನಿಂತರು. ನಾನು ಅಪರಾಧಿಯ ಹಾಗೆ ಮೈ ಕುಗ್ಗಿಸಿಕೊಂಡೆ. ಅವರು ಹಸೆಯ ಮೇಲಿನ ಕರಿ ಕಂಬಳಿಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ಒಂದೇ ಸಲಕ್ಕೆ ಹಾಕಿ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಎಕ್ಸಿಬಿಷನ್ ಚೆನ್ನಾಗೈತೆ ಕಣೇ,” ಎಂದರು.